ಒಲೆ ಹಚ್ಚದೆ ಕಟ್ಟುವ ಪಂಚಮಿ ಉಂಡಿ

ಶ್ರಾವಣ ಮಾಸವು ಕಾಲಿರಿಸಿತೆಂದರೆ ತಾಳಿಕೋಟೆಯ ಓಣಿಗಳಲ್ಲಿ ಬೆಲ್ಲದ ಪಾಕದ ಕಂಪು ಹರಡುತ್ತದೆ. ಅತ್ತ ಡೋಣಿ ಮೈದುಂಬಿ ಹರಿಯುತ್ತಿದ್ದರೆ ಇತ್ತ ಮನೆಮನೆಗಳಲ್ಲಿ ಶೇಂಗಾ ಹುರಿಯುವ, ಎಳ್ಳು ಕುಟ್ಟುವ, ಅಳ್ಳು ಬೀಸುವ ಸಡಗರ. ರೊಟ್ಟಿ ಹಬ್ಬ ಮುಗಿದು ನಾಗರ ಪಂಚಮಿ ಬರುವಷ್ಟರಲ್ಲಿ ಡಬ್ಬಿಗಳು ತುಂಬಿರಬೇಕು. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಬೇಸನ್ ಉಂಡಿ, ಬುಂದೆ ಉಂಡಿ, ಲಡಗಿ ಉಂಡಿ, ತಂಬಿಟ್ಟು ಎಂದು ಎಣಿಸುತ್ತ ಹೋದರೆ ಕೈಬೆರಳುಗಳು ಸಾಲವು. ತವರಿಗೆ ಬಂದ ಹೆಣ್ಣುಮಕ್ಕಳು ಜೋಕಾಲಿ ಜೀಕುವುದು, ಮಕ್ಕಳು ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ಗಿರಗಿರನೆ ತಿರುಗಿಸುವುದು, ಮರಳಿ ಹೋಗುವಾಗ ಗಂಡನ ಮನೆಗೆ ಉಂಡಿಯ ಬುತ್ತಿ ಒಯ್ಯುವುದು, ಇವೆಲ್ಲ ಸೇರಿದರೇನೇ ನಮ್ಮ ಸೀಮೆಯಲ್ಲಿ ಪಂಚಮಿ. ಉಂಡಿಯಿಲ್ಲದ ಪಂಚಮಿಯನ್ನು ಇಲ್ಲಿ ಯಾರೂ ಪಂಚಮಿಯೆಂದು ಒಪ್ಪುವುದಿಲ್ಲ.

ಆದರೆ ಈ ಸಡಗರದ ಹಿಂದೆ ಎಷ್ಟು ದುಡಿಮೆ ಇದೆಯೆಂಬುದು ಮಾಡಿದವರಿಗೇ ಗೊತ್ತು. ಪಾಕವು ಒಂದು ಕ್ಷಣ ಹೆಚ್ಚು ಕಾದರೆ ಉಂಡಿ ಕಲ್ಲಾಗುತ್ತದೆ. ಒಂದು ಕ್ಷಣ ಮೊದಲೇ ಇಳಿಸಿದರೆ ಕಟ್ಟಲು ಬಾರದೆ ಸಡಿಲಾಗುತ್ತದೆ. ಬಿಸಿ ಇರುವಾಗಲೇ ಕಟ್ಟಬೇಕಾದ್ದರಿಂದ ಅಂಗೈ ಕೆಂಪಾಗುತ್ತದೆ. ಹಿಂದೆ ಅತ್ತೆ, ಸೊಸೆ, ನಾದಿನಿ, ನೆರೆಯವರು ಕೂಡಿ ಕುಳಿತು ಕಟ್ಟುತ್ತಿದ್ದರು. ಮಾತಿನೊಡನೆ ದುಡಿಮೆಯೂ ಹಂಚಿಹೋಗುತ್ತಿತ್ತು. ಇಂದು ಶಾಲೆಗೆ, ಕಚೇರಿಗೆ, ಅಂಗನವಾಡಿಗೆ, ಬ್ಯಾಂಕಿಗೆ ಹೋಗಿ ದುಡಿಯುವ ತಾಯಂದಿರು ಸಂಜೆ ಆರಕ್ಕೆ ಮನೆ ಸೇರಿ ಒಬ್ಬರೇ ಒಲೆಯ ಮುಂದೆ ನಿಲ್ಲಬೇಕಾಗಿದೆ. ಮಕ್ಕಳು ಬೆಂಗಳೂರಿಗೋ ಪುಣೆಗೋ ಹೋಗಿ ನೆಲೆಸಿದ ಮೇಲೆ ಹಳ್ಳಿಯ ಮನೆಯಲ್ಲಿ ಉಳಿದ ಹಿರಿಯ ದಂಪತಿಗಳಿಗೆ ಪಾಕ ಹಿಡಿಯುವ ಕಸುವಿಲ್ಲ. ವಸತಿನಿಲಯದಲ್ಲಿರುವ ಹೆಣ್ಣುಮಕ್ಕಳಿಗೆ ಒಲೆಯೇ ಇಲ್ಲ. ಇಂತಹವರಿಗೂ ಹಬ್ಬ ಬೇಕಲ್ಲವೇ? ಆದ್ದರಿಂದ ಈ ತಿಂಗಳ ಪುಟದಲ್ಲಿ ಒಲೆಯನ್ನೇ ಹಚ್ಚದೆ, ಅಂಗಡಿಯಲ್ಲಿ ಸಿಗುವ ಕೇಕಿನಿಂದ ಕಟ್ಟಬಹುದಾದ ಉಂಡಿಯ ವಿಷಯವನ್ನು ಬರೆಯಬೇಕೆಂದುಕೊಂಡೆವು. ಅದರ ಜೊತೆಗೆ ನಮ್ಮ ಮನೆಯಲ್ಲಿಯೇ ಆದ ಒಂದು ಅಚಾತುರ್ಯವನ್ನೂ ಮುಚ್ಚಿಡದೆ ಹೇಳಬೇಕಾಗಿದೆ.

ಹೊಸದೇ, ಹಳೆಯದೇ?

ಪಾಶ್ಚಾತ್ಯ ದೇಶಗಳಲ್ಲಿ ಟ್ರಫಲ್ ಎಂಬ ಮಿಠಾಯಿಯುಂಟು. ಟ್ರಫಲ್ ಎಂದರೆ ಮೂಲತಃ ನೆಲದಡಿಯಲ್ಲಿ ಬೆಳೆಯುವ, ಗಡ್ಡೆಯಂತೆ ಕಾಣುವ ಒಂದು ಬಗೆಯ ಅಣಬೆ. ಚಾಕೊಲೇಟನ್ನು ಕೆನೆಯೊಡನೆ ಕಲಸಿ ಉರುಟಾಗಿ ಕಟ್ಟಿ ಕೋಕೋ ಪುಡಿಯಲ್ಲಿ ಹೊರಳಿಸಿದಾಗ ಮಣ್ಣು ಮೆತ್ತಿದ ಆ ಅಣಬೆಯಂತೆಯೇ ಕಂಡದ್ದರಿಂದ ಮಿಠಾಯಿಗೂ ಅದೇ ಹೆಸರು ಬಂದಿತು. ಡೆನ್ಮಾರ್ಕಿನ ಬೇಕರಿಗಳಲ್ಲಿ ಮಾರಾಟವಾಗದೆ ಉಳಿದ ಕೇಕುಗಳನ್ನು ಪುಡಿಮಾಡಿ, ಕೋಕೋ ಬೆರೆಸಿ ಉಂಡೆ ಕಟ್ಟುವ ರೂಢಿಯಿದೆ. ಅಮೆರಿಕೆಯ ಮನೆಗಳಲ್ಲಿ ವರ್ಷಾಂತ್ಯದ ಹಬ್ಬದ ದಿನಗಳಲ್ಲಿ ಪೊಟ್ಟಣದ ಸಣ್ಣ ಕೇಕುಗಳನ್ನು ಹಿಸುಕಿ, ಉರುಟು ಮಾಡಿ, ಕರಗಿದ ಚಾಕೊಲೇಟಿನಲ್ಲಿ ಅದ್ದಿ ಇಡುತ್ತಾರೆ. ಅದನ್ನು ಬೇಯಿಸುವುದಿಲ್ಲ, ಕರಿಯುವುದಿಲ್ಲ.

ಇದನ್ನು ಕೇಳಿದೊಡನೆ ನಮ್ಮ ಹಿರಿಯರು ಮೂಗು ಮುರಿಯಬಹುದು. ಆದರೆ ತುಸು ಯೋಚಿಸಿದರೆ, ಮಾಡಿದ ತಿನಿಸೊಂದನ್ನು ಮುರಿದು ಇನ್ನೊಂದು ತಿನಿಸು ಮಾಡುವ ಜಾಣ್ಮೆ ನಮ್ಮ ಅಡುಗೆಮನೆಗೆ ಹೊಸತೇನೂ ಅಲ್ಲ. ಜಾತ್ರೆಗೆ, ಮದುವೆಗೆ ನಾವು ಮಾಡುವ ಮಾದಲಿಯನ್ನೇ ನೋಡಿರಿ. ಗೋದಿಹಿಟ್ಟಿಗೆ ಕಡಲೆಬೇಳೆ, ಅಕ್ಕಿಯ ಹಿಟ್ಟು ಕೂಡಿಸಿ ಗಟ್ಟಿಯಾಗಿ ನಾದಿ, ದಪ್ಪನೆಯ ಚಪಾತಿ ಬೇಯಿಸಿ, ಅದನ್ನು ಮುರಿದು ಕುಟ್ಟಿ ಜರಡಿ ಹಿಡಿದು, ಬೆಲ್ಲ, ಏಲಕ್ಕಿ, ಗಸಗಸೆ, ಪುಠಾಣಿ, ಒಣಕೊಬ್ಬರಿ ಬೆರೆಸಿದರೆ ಮಾದಲಿಯಾಯಿತು. ಲಡಗಿ ಉಂಡಿಯೂ ಹಾಗೆಯೇ: ಕಡಲೆಹಿಟ್ಟನ್ನು ದಪ್ಪ ಸೇವಿನಂತೆ ಕರಿದು, ಮುರಿದು, ಬೆಲ್ಲದ ಪಾಕದಲ್ಲಿ ಕಟ್ಟುತ್ತೇವೆ. ರಾತ್ರಿ ಉಳಿದ ಚಪಾತಿಯನ್ನು ಬೆಳಿಗ್ಗೆ ಬೆಲ್ಲ ತುಪ್ಪದೊಡನೆ ತಿಕ್ಕಿ ಮಕ್ಕಳ ಕೈಗೆ ಉಂಡಿ ಮಾಡಿ ಕೊಡದ ತಾಯಿ ಯಾರಿದ್ದಾರೆ?

ಅಂಗಡಿಯ ಪದಾರ್ಥದಿಂದ ಮಾಡಿದರೆ ಅದು ಮನೆಯ ತಿನಿಸಾಗುವುದೇ ಎಂಬ ಸಂಶಯವೂ ಬೇಡ. ಪುಠಾಣಿಯನ್ನು ನಾವು ಮನೆಯಲ್ಲಿ ಹುರಿದವರಲ್ಲ. ಭಟ್ಟಿಯವನು ಹುರಿದದ್ದನ್ನು ಸಂತೆಯಿಂದ ತಂದು ಬೀಸಿ ಉಂಡಿ ಕಟ್ಟುತ್ತ ಬಂದಿದ್ದೇವೆ. ಚುರುಮರಿಯೂ ಅಂತೆಯೇ. ಬೇರೆಯವರ ಭಟ್ಟಿಯಲ್ಲಿ ಹುರಿದದ್ದು ನಮ್ಮ ಕೈಯಲ್ಲಿ ಉಂಡಿಯಾಗುವುದಾದರೆ, ಬೇರೆಯವರ ಭಟ್ಟಿಯಲ್ಲಿ ಬೆಂದ ಕೇಕು ಏಕೆ ಆಗಬಾರದು? ಹೀಗೆಂದುಕೊಂಡೇ ನಾವೂ ಕೈ ಹಚ್ಚಿದೆವು. ಆದರೆ ಪುಠಾಣಿಗೂ ಕೇಕಿಗೂ ನಡುವೆ ಒಂದು ದೊಡ್ಡ ಅಂತರವಿದೆ. ಅದನ್ನು ನಾವು ಮರೆತಿದ್ದೆವು.

ನಮ್ಮ ಮನೆಯಲ್ಲಾದ ಸಂಗತಿ

ಕೆಲವು ವರ್ಷಗಳ ಹಿಂದಿನ ಮಾತು. ಪಂಚಮಿಗೆ ಎರಡೇ ದಿನವಿತ್ತು. ಮನೆಯಲ್ಲಿ ಒಬ್ಬರಿಗೆ ಜ್ವರ, ಇನ್ನೊಬ್ಬರಿಗೆ ರಜೆಯಿಲ್ಲ. ಶೇಂಗಾ ಉಂಡಿಯೊಂದನ್ನು ಹೇಗೋ ಮುಗಿಸಿದ್ದೆವು. ಮಕ್ಕಳ ಒತ್ತಾಯಕ್ಕೆ ಬಸ್ ನಿಲ್ದಾಣದ ಹತ್ತಿರದ ಅಂಗಡಿಯೊಂದರಿಂದ ಕೇಕಿನ ನಾಲ್ಕು ಪೊಟ್ಟಣ ತಂದು, ಹಿಸುಕಿ, ಹಾಲಿನ ಪುಡಿ ಬೆರೆಸಿ, ಕೊಬ್ಬರಿಯಲ್ಲಿ ಹೊರಳಿಸಿ ಹರಿವಾಣದಲ್ಲಿ ಜೋಡಿಸಿದೆವು. ನೋಡಲು ರವೆ ಉಂಡಿಗಿಂತ ಚೆಂದವಾಗಿಯೇ ಇದ್ದವು. ನಮಗೂ ಹೆಮ್ಮೆಯಾಯಿತು.

ಹಬ್ಬದ ದಿನ ಡೋಣಿಯಾಚೆಯ ಹಳ್ಳಿಯಿಂದ ನಮ್ಮ ಸೋದರತ್ತೆ ಬಂದರು. ಎಪ್ಪತ್ತು ದಾಟಿದ ಜೀವ. ಲಿಂಗಪೂಜೆಯಾಗದೆ ನೀರನ್ನೂ ಮುಟ್ಟದವರು. ಪೂಜೆ ಮುಗಿಸಿ ಕುಳಿತ ಅವರ ಮುಂದೆ ನಾವು ಎಲ್ಲ ಉಂಡಿಗಳ ಜೊತೆ ಈ ಹೊಸ ಉಂಡಿಯನ್ನೂ ಇರಿಸಿದೆವು. ಅವರು ಮೊದಲು ಅದನ್ನೇ ಎತ್ತಿಕೊಂಡರು. ಅರ್ಧ ತಿಂದು, ರುಚಿಯಾಗಿದೆಯೆಂದು ತಲೆದೂಗಿ, ಸಹಜವಾಗಿಯೇ ಕೇಳಿದರು:

“ಭಾಳ ಮೆತ್ತಗೈತಲ್ಲವಾ, ಏನು ಹಾಕೀರಿ ಇದಕ್ಕ?”

“ಕೇಕಿನ ಪುಡಿ ಅತ್ತಿ, ಅಂಗಡ್ಯಾಗಿಂದು.”

“ಕೇಕ ಅಂದ್ರ ತತ್ತಿ ಹಾಕ್ತಾರಂತಲ್ಲ. ಇದರಾಗ ಹಾಕಿಲ್ಲಲ್ಲ?”

ನಮ್ಮ ಬಾಯಿಂದ ಮಾತು ಹೊರಡಲಿಲ್ಲ. ಹಿತ್ತಲಿಗೆ ಹೋಗಿ ಕಸದ ಬುಟ್ಟಿಯಿಂದ ಪೊಟ್ಟಣವನ್ನು ತೆಗೆದು ಬಿಚ್ಚಿ ನೋಡಿದೆವು. ಮೂಲೆಯಲ್ಲಿ ಕಂದು ಬಣ್ಣದ ಗುರುತು ಸ್ಪಷ್ಟವಾಗಿಯೇ ಇತ್ತು. ಅದನ್ನು ಮುದ್ರಿಸಿದವರು ಏನನ್ನೂ ಮುಚ್ಚಿಟ್ಟಿರಲಿಲ್ಲ. ಮಾರಿದವರನ್ನು ನಾವು ಕೇಳಿರಲಿಲ್ಲ. ತಪ್ಪು ಪೂರ್ತಿಯಾಗಿ ನಮ್ಮದೇ ಆಗಿತ್ತು.

ಒಳಗೆ ಬಂದು ಇದ್ದದ್ದನ್ನು ಇದ್ದಂತೆ ಹೇಳಿದೆವು. ಅತ್ತೆ ಸಿಟ್ಟಾಗಲಿಲ್ಲ. ಎದ್ದು ಬಾಯಿ ಮುಕ್ಕಳಿಸಿ ಬಂದು ಸುಮ್ಮನೆ ಕುಳಿತರು. ಆ ದಿನ ಅವರು ಊಟ ಮಾಡಲಿಲ್ಲ. ಸಂಜೆಯ ಬಸ್ಸಿಗೆ ಹೊರಡುವಾಗ ನಮ್ಮ ಕೈ ಹಿಡಿದು ಹೇಳಿದ್ದು ಇಷ್ಟೇ:

“ನೀವೇನು ಬೇಕಂತ ಮಾಡಿಲ್ಲ ಬಿಡ್ರಿ. ಆದ್ರ ಇನ್ನೊಬ್ಬರ ಕೈಯಾಗ ಕೊಡೂಮುಂದ ಇದರಾಗ ಏನೈತಿ ಅಂತ ಕೊಡವ್ರಿಗಾದ್ರೂ ಗೊತ್ತಿರಬೇಕಿಲ್ಲೇನವಾ?”

ಆ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ. ಪುಠಾಣಿಗೂ ಕೇಕಿಗೂ ಇರುವ ಅಂತರವೂ ಅದೇ. ಪುಠಾಣಿಯನ್ನು ಕಂಡವರಿಗೆ ಅದು ಕಡಲೆಯೆಂದು ಗೊತ್ತು. ಕೇಕಿನೊಳಗೆ ಏನಿದೆಯೆಂಬುದು ಕಣ್ಣಿಗೆ ಕಾಣುವುದಿಲ್ಲ. ಹಿಸುಕಿ ಉಂಡಿ ಕಟ್ಟಿ ಕೊಬ್ಬರಿ ಹಚ್ಚಿದ ಮೇಲಂತೂ ಕೇಕೆಂಬುದೂ ಕಾಣುವುದಿಲ್ಲ. ತಿನ್ನುವವರು ಕೊಡುವವರನ್ನು ನಂಬಿ ಬಾಯಿಗಿಡುತ್ತಾರೆ. ಮೊಟ್ಟೆ ತಿನ್ನುವವರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅದು ಅವರವರ ಮನೆಯ ವಿಚಾರ. ತಿನ್ನದಿರುವವರಿಗೆ ತಿಳಿಸದೆ ತಿನ್ನಿಸಬಾರದೆಂಬುದಷ್ಟೇ ನಮ್ಮ ಮಾತು. ಆದ್ದರಿಂದ ಈ ಉಂಡಿಯ ಮೊದಲ ಕೆಲಸ ಅಡುಗೆಮನೆಯಲ್ಲಿ ಅಲ್ಲ, ಅಂಗಡಿಯಲ್ಲಿಯೇ ಆರಂಭವಾಗುತ್ತದೆ.

ಅಂಗಡಿಯಲ್ಲಿ ನೋಡಬೇಕಾದದ್ದು

ನಮ್ಮ ದೇಶದಲ್ಲಿ ಪೊಟ್ಟಣ ಕಟ್ಟಿದ ಆಹಾರದ ಮೇಲೆ ಸಸ್ಯಾಹಾರ, ಮಾಂಸಾಹಾರದ ಗುರುತು ಇರಲೇಬೇಕೆಂಬ ನಿಯಮವು 2000ದ ದಶಕದ ಆರಂಭದಲ್ಲಿ ಬಂದಿತು. ಹಸಿರು ಚೌಕದೊಳಗೆ ಹಸಿರು ಬೊಟ್ಟು ಇದ್ದರೆ ಸಸ್ಯಾಹಾರ. ಮಾಂಸಾಹಾರಕ್ಕೆ ಮೊದಲು ಕಂದು ಚೌಕದೊಳಗೆ ಕಂದು ಬೊಟ್ಟು ಇರುತ್ತಿತ್ತು. ಬಣ್ಣ ಗುರುತಿಸಲಾಗದವರಿಗೆ ಎರಡೂ ಒಂದೇ ತೆರನಾಗಿ ಕಾಣುತ್ತಿದ್ದವು. 2020ರ ನಿಯಮಾವಳಿಯಲ್ಲಿ ಕಂದು ಬೊಟ್ಟಿನ ಬದಲಿಗೆ ಕಂದು ತ್ರಿಕೋನವನ್ನು ವಿಧಿಸಲಾಯಿತು. ಆದ್ದರಿಂದ ಕಣ್ಣು ಮಂಜಾದ ಹಿರಿಯರಿಗೂ ನೆನಪಿಡಲು ಸುಲಭ: ದುಂಡಗಿದ್ದು ಹಸಿರಾಗಿದ್ದರೆ ಕೊಳ್ಳಬಹುದು; ಮೂರು ಮೂಲೆ ಕಂಡರೆ ಅಲ್ಲಿಯೇ ಇಟ್ಟುಬಿಡಬೇಕು.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಈ ನಿಯಮದ ವ್ಯಾಖ್ಯೆಯಲ್ಲಿ ಮೊಟ್ಟೆಯೂ ಮಾಂಸಾಹಾರದಲ್ಲಿಯೇ ಸೇರಿದೆ. ಹಾಲು, ಹಾಲಿನ ಪದಾರ್ಥ, ಜೇನುತುಪ್ಪಗಳು ಸೇರಿಲ್ಲ. ಆದ್ದರಿಂದ ಹಸಿರು ಗುರುತಿದ್ದ ಕೇಕಿನಲ್ಲಿ ಮೊಟ್ಟೆ ಇರುವಂತಿಲ್ಲ. ಗುರುತಿನ ಜೊತೆಗೆ ಪದಾರ್ಥಗಳ ಪಟ್ಟಿಯನ್ನೂ ಓದುವ ಅಭ್ಯಾಸವಿರಲಿ. ಯಾವುದು ತೂಕದಲ್ಲಿ ಹೆಚ್ಚಿದೆಯೋ ಅದನ್ನು ಮೊದಲು, ಕಡಿಮೆಯಿದ್ದುದನ್ನು ಕೊನೆಗೆ ಬರೆಯಬೇಕೆಂಬುದು ನಿಯಮ. ಮೊದಲ ಹೆಸರೇ ಸಕ್ಕರೆಯಾಗಿದ್ದರೆ ಆ ಕೇಕಿಗೆ ಮತ್ತೆ ಸಕ್ಕರೆ ಸೇರಿಸುವ ಪ್ರಶ್ನೆಯೇ ಇಲ್ಲ. ತಯಾರಿಸಿದ ದಿನ, ಬಳಸಬಹುದಾದ ಅವಧಿ ಇವೆರಡನ್ನೂ ನೋಡಿಯೇ ಹಣ ಕೊಡಿರಿ.

ಬೇಕರಿಯಲ್ಲಿ ಗಾಜಿನ ಪೆಟ್ಟಿಗೆಯಿಂದ ತೆಗೆದು ಕಾಗದದಲ್ಲಿ ಕಟ್ಟಿಕೊಡುವ ಬಿಡಿ ಕೇಕಿಗೆ ಇಂತಹ ಗುರುತು ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ಬಾಯಿಬಿಟ್ಟು ಕೇಳಬೇಕು, ನಾಚಬಾರದು. ಹಾಸನದ ಸೀಮೆಯಿಂದ ಬೆಂಗಳೂರಿಗೆ ಬಂದು ನೆಲೆಸಿದ ಅಯ್ಯಂಗಾರ್ ಮನೆತನದವರು ಮೊಟ್ಟೆಯಿಲ್ಲದೆ ಕೇಕು ಮಾಡುವುದರಲ್ಲಿ ಹೆಸರಾದರು. ಆದರೆ ಅದೇ ಫಲಕ ಹೊತ್ತ ಅಂಗಡಿಗಳು ಇಂದು ಊರೂರಿನಲ್ಲಿ ಇವೆ; ಅವುಗಳಲ್ಲಿ ಕೆಲವೆಡೆ ಮೊಟ್ಟೆಯ ಪಫ್ ಕೂಡ ಮಾರುತ್ತಾರೆ. ಫಲಕವನ್ನು ನೋಡಿ ನಂಬುವುದಕ್ಕಿಂತ ಮಾಡುವವರನ್ನು ಕೇಳುವುದು ಲೇಸು. ಡಿಸೆಂಬರ್ ತಿಂಗಳಿನಲ್ಲಿ ಬರುವ ಕಪ್ಪನೆಯ ಹಣ್ಣಿನ ಕೇಕಿನಲ್ಲಿ ಒಣಹಣ್ಣುಗಳನ್ನು ಮದ್ಯದಲ್ಲಿ ನೆನೆಸಿ ಹಾಕುವ ಪದ್ಧತಿಯೂ ಇದೆಯಾದ್ದರಿಂದ ಅದನ್ನು ವಿಚಾರಿಸದೆ ತರಬಾರದು.

ಮೊಟ್ಟೆಯಿಲ್ಲದ ಕೇಕು ಉಂಡಿಗೆ ಕಡಿಮೆಯೆಂದು ತಿಳಿಯಬೇಡಿರಿ. ಮೊಟ್ಟೆಯು ಬೆಂದಾಗ ಗಟ್ಟಿಯಾಗಿ ಕೇಕನ್ನು ಹಿಡಿದಿಡುತ್ತದೆ. ಮೊಸರು ಅಥವಾ ಹಾಲಿನಿಂದ ಮಾಡಿದ ಕೇಕಿಗೆ ಆ ಬಿಗುವಿಲ್ಲದ್ದರಿಂದ ಬೆರಳಿನಲ್ಲಿಯೇ ಉದುರುತ್ತದೆ. ಹೋಳು ಮಾಡುವಾಗ ದೋಷವೆನಿಸುವ ಈ ಗುಣವೇ ಉಂಡಿಗೆ ಅನುಕೂಲ.

ಬೇಕಾಗುವ ಪದಾರ್ಥಗಳು

ಹಸಿರು ಗುರುತಿನ ಸಾದಾ ಕೇಕು: 250 ಗ್ರಾಂ
ಹಾಲಿನ ಪುಡಿ: 2 ದೊಡ್ಡ ಚಮಚ
ಪುಠಾಣಿ ಹಿಟ್ಟು: 2 ದೊಡ್ಡ ಚಮಚ
ಕಾಯಿಸಿ ಆರಿಸಿದ ಹಾಲು: 2ರಿಂದ 3 ದೊಡ್ಡ ಚಮಚ
ಗೋಡಂಬಿ ಅಥವಾ ಹುರಿದ ಶೇಂಗಾದ ತರಿ: 2 ದೊಡ್ಡ ಚಮಚ
ಏಲಕ್ಕಿ ಪುಡಿ: ಕಾಲು ಚಮಚ
ಹೊರಳಿಸಲು ಒಣಕೊಬ್ಬರಿಯ ತುರಿ: 1 ಬಟ್ಟಲು

ಈ ಅಳತೆಗೆ ಸಣ್ಣ ನಿಂಬೆಹಣ್ಣಿನ ಗಾತ್ರದ 12ರಿಂದ 14 ಉಂಡಿಗಳಾಗುತ್ತವೆ.

ಮಾಡುವ ವಿಧಾನ

ಕೇಕಿನ ಮೇಲಿನ ಕಂದು ಪದರ ಗಟ್ಟಿಯಾಗಿದ್ದರೆ ಅದನ್ನು ತೆಳ್ಳಗೆ ಹೆರೆದು ಬೇರೆ ಇಡಿರಿ. ಉಳಿದುದನ್ನು ಅಗಲವಾದ ಪರಾತದಲ್ಲಿ ಹಾಕಿ ಎರಡೂ ಅಂಗೈಗಳ ನಡುವೆ ತಿಕ್ಕಿರಿ. ಮಾದಲಿಗೆ ತಿಕ್ಕುವಂತೆ ಗಂಟಿಲ್ಲದೆ ಪುಡಿಯಾಗಬೇಕು. ಮಿಕ್ಸರಿಗೆ ಹಾಕಿದರೆ ಅಂಟು ಹಿಟ್ಟಾಗುವ ಭಯವಿರುವುದರಿಂದ ಕೈಯೇ ಮೇಲು.

ಈ ಪುಡಿಗೆ ಹಾಲಿನ ಪುಡಿ, ಪುಠಾಣಿ ಹಿಟ್ಟು, ಏಲಕ್ಕಿ, ಗೋಡಂಬಿಯ ತರಿ ಬೆರೆಸಿರಿ. ಬಳಿಕ ಹಾಲನ್ನು ಒಂದೊಂದೇ ಚಮಚ ಚಿಮುಕಿಸುತ್ತ ಕಲಸಿರಿ. ಎಷ್ಟು ಹಾಲು ಬೇಕೆಂಬುದನ್ನು ಕೇಕಿನ ಹಸಿಯೇ ನಿರ್ಧರಿಸುತ್ತದೆ. ಮುಷ್ಟಿಯಲ್ಲಿ ಹಿಡಿದಾಗ ನಿಂತು, ಬೆರಳಿನಿಂದ ಒತ್ತಿದಾಗ ಒಡೆಯುವಂತಿದ್ದರೆ ಅದೇ ಸರಿಯಾದ ಹದ. ಕೈಗೆ ಅಂಟುವಂತಾದರೆ ಇನ್ನೊಂದು ಚಮಚ ಪುಠಾಣಿ ಹಿಟ್ಟು ಸೇರಿಸಿರಿ. ಪುಠಾಣಿಯು ಹೆಚ್ಚಿನ ಹಸಿಯನ್ನು ಹೀರುವುದಲ್ಲದೆ ಕೇಕಿನ ಅತಿಸಿಹಿಯನ್ನೂ ತುಸು ತಗ್ಗಿಸುತ್ತದೆ. ನಡುವೆ ಕೆನೆ ತುಂಬಿದ ಪೊಟ್ಟಣದ ಕೇಕಾದರೆ ಆ ಕೆನೆಯೇ ಹಿಡಿದಿಡಲು ಸಾಕು, ಹಾಲು ಬೇಕಾಗುವುದಿಲ್ಲ.

ಕಲಸಿದ್ದನ್ನು ಮುಚ್ಚಿ ಹತ್ತು ನಿಮಿಷ ಬಿಡಿರಿ. ಪುಡಿಯು ಹಸಿಯನ್ನು ಸಮನಾಗಿ ಹೀರಿಕೊಂಡು ಒಂದು ಹದಕ್ಕೆ ಬರುತ್ತದೆ. ಅಂಗೈಗೆ ತುಪ್ಪ ಸವರಿಕೊಂಡು ಉಂಡಿ ಕಟ್ಟಿರಿ. ಇಲ್ಲಿ ಪಾಕದ ಬಿಸಿಯಿಲ್ಲವಾದ್ದರಿಂದ ಅವಸರವಿಲ್ಲ. ಮಕ್ಕಳನ್ನೂ ಕೈ ತೊಳೆಸಿ ಜೊತೆಯಲ್ಲಿ ಕೂರಿಸಿಕೊಳ್ಳಬಹುದು. ಶೇಂಗಾ ಉಂಡಿಯ ಕುದಿಯುವ ಪಾಕದ ಬಳಿ ಮಕ್ಕಳನ್ನು ಸುಳಿಯಗೊಡದ ನಮಗೆ ಇದೊಂದು ಸಂತೋಷವೇ ಸರಿ. ಕಟ್ಟಿದ ಉಂಡಿಗಳನ್ನು ಒಣಕೊಬ್ಬರಿಯಲ್ಲಿ ಹೊರಳಿಸಿರಿ. ಹುರಿದ ಎಳ್ಳು, ಗಸಗಸೆ, ಶೇಂಗಾ ಪುಡಿ ಇವುಗಳಲ್ಲಿಯೂ ಹೊರಳಿಸಬಹುದು. ಹೆರೆದು ತೆಗೆದ ಕಂದು ಪದರವನ್ನು ಎಸೆಯದೆ ನುಣ್ಣಗೆ ಪುಡಿ ಮಾಡಿ ಕೆಲವನ್ನು ಅದರಲ್ಲಿ ಹೊರಳಿಸಿದರೆ ಬಣ್ಣ ಬಣ್ಣದ ಹರಿವಾಣವಾಗುತ್ತದೆ.

ಚಾಕೊಲೇಟಿನ ಹೊದಿಕೆ

ಮಕ್ಕಳು ಚಾಕೊಲೇಟಿನ ಹೊದಿಕೆಯೇ ಬೇಕೆಂದರೆ ಅದನ್ನೂ ಮಾಡಬಹುದು. ಅದಕ್ಕೆ ಚಹಾದ ನೀರು ಕುದಿಸುವಷ್ಟು ಬೆಂಕಿ ಬೇಕಾಗುತ್ತದೆ. ಕುದಿದ ನೀರನ್ನು ಕೆಳಗಿಳಿಸಿ, ಅದರ ಮೇಲೆ ನೀರು ತಾಗದಂತೆ ಇನ್ನೊಂದು ಪಾತ್ರೆ ಇರಿಸಿ, ಚೂರು ಮಾಡಿದ 150 ಗ್ರಾಂ ಚಾಕೊಲೇಟನ್ನು ಹಾಕಿ ನಿಧಾನವಾಗಿ ಕದಡಿರಿ. ಪಾತ್ರೆ, ಚಮಚ ಎರಡೂ ಒಣಗಿರಬೇಕು. ಕರಗುವ ಚಾಕೊಲೇಟಿಗೆ ಒಂದು ಹನಿ ನೀರು ಬಿದ್ದರೂ ಅದರಲ್ಲಿನ ಸಕ್ಕರೆ ಆ ಹನಿಯನ್ನು ಹೀರಿ ಮುದ್ದೆಗಟ್ಟಿ, ಇಡೀ ಪಾತ್ರೆ ಮರಳು ಮರಳಾಗುತ್ತದೆ. ಕರಗಿದ ಮೇಲೆ ಉಂಡಿಯನ್ನು ಚಮಚದ ಮೇಲಿಟ್ಟು ಅದ್ದಿ, ತುಪ್ಪ ಸವರಿದ ತಟ್ಟೆಯಲ್ಲಿ ಆರಲು ಬಿಡಿರಿ. ಅದ್ದುವ ಮೊದಲು ಉಂಡಿಗಳನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿ ಇರಿಸಿದರೆ ಒಡೆಯುವುದಿಲ್ಲ.

ಚಾಕೊಲೇಟಿಗೆ ಬಿಗುವು ಕೊಡುವ ಕೋಕೋ ಬೆಣ್ಣೆಯು ಸುಮಾರು 34 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗುತ್ತದೆ. ನಮ್ಮ ಸೀಮೆಯ ಬೇಸಿಗೆಯಲ್ಲಿ ಉಷ್ಣಾಂಶವು 40 ಡಿಗ್ರಿಯನ್ನು ದಾಟುವುದುಂಟು. ಆಗ ಈ ಹೊದಿಕೆ ತಟ್ಟೆಯಲ್ಲಿಯೇ ಹರಿದುಹೋಗುತ್ತದೆ. ಶ್ರಾವಣದ ಮೋಡದಲ್ಲಿ, ದೀಪಾವಳಿಯ ತಂಪಿನಲ್ಲಿ ನಿಲ್ಲುತ್ತದೆ. ಅಂಗಡಿಯಲ್ಲಿ ಕಾಂಪೌಂಡ್ ಎಂಬ ಹೆಸರಿನಲ್ಲಿ ಸಿಗುವ ಬಗೆಯಲ್ಲಿ ಕೋಕೋ ಬೆಣ್ಣೆಯ ಬದಲಿಗೆ ಬೇರೆ ಸಸ್ಯಜನ್ಯ ಕೊಬ್ಬು ಇರುವುದರಿಂದ ಅದು ಹೆಚ್ಚಿನ ತೊಡಕಿಲ್ಲದೆ ಗಟ್ಟಿಯಾಗುತ್ತದೆ. ರುಚಿ ಮಾತ್ರ ತುಸು ಕಡಿಮೆ. ಇದರ ಪೊಟ್ಟಣದ ಮೇಲೆಯೂ ಹಸಿರು ಬೊಟ್ಟನ್ನು ನೋಡಲು ಮರೆಯಬಾರದು.

ಎಷ್ಟು ದಿನ ಇಡಬಹುದು?

ಇಲ್ಲಿ ಎಚ್ಚರಿಕೆ ಬೇಕು. ಶೇಂಗಾ ಉಂಡಿ, ಬೇಸನ್ ಉಂಡಿಗಳು ಹದಿನೈದು ದಿನ ಡಬ್ಬಿಯಲ್ಲಿ ಕೆಡದೆ ಇರುವುದನ್ನು ಕಂಡ ನಾವು ಇದನ್ನೂ ಹಾಗೆಯೇ ಇಟ್ಟುಬಿಡುವ ಸಂಭವವಿದೆ. ಆ ಉಂಡಿಗಳಲ್ಲಿ ಹುರಿದ ಕಾಳು ಅಥವಾ ಹಿಟ್ಟು, ತುಪ್ಪ, ಕಾಯಿಸಿದ ಬೆಲ್ಲ ಇರುತ್ತವೆಯೇ ಹೊರತು ನೀರಿನ ಅಂಶ ಅತಿ ಕಡಿಮೆ. ನೀರಿಲ್ಲದೆಡೆ ಬೂಸಲು ಬೆಳೆಯದು. ಕೇಕಿನಲ್ಲಿ ಮೊದಲೇ ಹಸಿಯಿದೆ. ಅದಕ್ಕೆ ನಾವು ಹಾಲನ್ನೂ ಸೇರಿಸಿದ್ದೇವೆ. ಆದ್ದರಿಂದ ಹೊರಗಿಟ್ಟರೆ ಮಾಡಿದ ದಿನವೇ ಮುಗಿಸಬೇಕು. ಫ್ರಿಜ್ಜಿನಲ್ಲಿ ಮುಚ್ಚಿಟ್ಟರೆ ಮೂರು ದಿನ ಇರಬಹುದು. ಗಂಡನ ಮನೆಗೆ ಹೊರಟ ಮಗಳ ಬುತ್ತಿಗೆ, ಊರಿಂದೂರಿಗೆ ಕಳುಹಿಸುವ ಗಂಟಿಗೆ ಇದು ಸಲ್ಲದು. ಬುತ್ತಿಗೆ ಶೇಂಗಾ ಉಂಡಿಯೇ ಸರಿ.

ಮಧುಮೇಹವಿರುವ ಹಿರಿಯರಿಗೆ ಈ ಉಂಡಿಯನ್ನು ಒತ್ತಾಯಿಸಿ ಬಡಿಸಬೇಡಿರಿ. ಮೈದಾ, ಸಕ್ಕರೆ ಎರಡೂ ಇದರಲ್ಲಿ ಧಾರಾಳವಾಗಿವೆ. ಮಕ್ಕಳಿಗೂ ದಿನಕ್ಕೊಂದು ಸಾಕು. ಶೇಂಗಾ, ಗೋಡಂಬಿ ಒಗ್ಗದ ಮಕ್ಕಳು ಬರುವ ಮನೆಯಾದರೆ ಅವನ್ನು ಹಾಕದೆಯೇ ಮಾಡಿರಿ. ಹಾಕಿದ್ದರೆ ಮೊದಲೇ ತಿಳಿಸಿರಿ.

ಕೇಕು ಬೇಡವೆನ್ನುವವರಿಗೆ

ಕೇಕಿನ ಸಹವಾಸವೇ ಬೇಡವೆನ್ನುವವರಿಗೆ ಒಲೆ ಹಚ್ಚದ ಇನ್ನೊಂದು ಉಂಡಿ ನಮ್ಮಲ್ಲಿ ಮೊದಲಿನಿಂದಲೇ ಇದೆ. 2 ಬಟ್ಟಲು ಪುಠಾಣಿಯನ್ನು ನುಣ್ಣಗೆ ಹಿಟ್ಟು ಮಾಡಿ ಜರಡಿ ಹಿಡಿಯಿರಿ. 1 ಬಟ್ಟಲು ಸಕ್ಕರೆಯ ಪುಡಿ, ಅರ್ಧ ಚಮಚ ಏಲಕ್ಕಿ ಪುಡಿ, ತುಸು ಒಣಕೊಬ್ಬರಿ ಬೆರೆಸಿರಿ. ಮೆತ್ತಗಿರುವ ತುಪ್ಪವನ್ನು ಚಮಚ ಚಮಚವಾಗಿ ಸೇರಿಸುತ್ತ ಅಂಗೈಯಿಂದ ಒತ್ತಿ ತಿಕ್ಕಿರಿ. ಸುಮಾರು ಅರ್ಧ ಬಟ್ಟಲು ತುಪ್ಪದಲ್ಲಿ ಹದ ಬರುತ್ತದೆ. ಪುಠಾಣಿಯು ಮೊದಲೇ ಹುರಿದದ್ದಾದ್ದರಿಂದ ಹಸಿವಾಸನೆಯ ಭಯವಿಲ್ಲ. ನೀರು, ಹಾಲು ಏನೂ ಸೋಕದ್ದರಿಂದ ವಾರಕ್ಕೂ ಮಿಕ್ಕಿ ಇರುತ್ತದೆ. ವಸತಿನಿಲಯದ ಕೋಣೆಯಲ್ಲಿಯೂ ಒಂದು ಗಂಟೆಯೊಳಗೆ ಇದನ್ನು ಮಾಡಿ ಮುಗಿಸಬಹುದು. ಹಬ್ಬದ ಹರಿವಾಣದಲ್ಲಿ ಕೇಕಿನ ಉಂಡಿಯ ಪಕ್ಕದಲ್ಲಿ ಇದನ್ನೂ ಇಟ್ಟರೆ, ಅದು ಬೇಡವೆಂದವರು ಬರಿಗೈಯಲ್ಲಿ ಕೂರಬೇಕಾಗುವುದಿಲ್ಲ.

ಕೊನೆಯ ಮಾತು

ಆ ಘಟನೆಯ ಮರುವರ್ಷ ಪಂಚಮಿಗೆ ಅತ್ತೆ ಬರುವರೋ ಇಲ್ಲವೋ ಎಂಬ ಅಳುಕು ನಮಗಿತ್ತು. ಬಂದರು. ಅಂದು ನಾವು ಹಸಿರು ಗುರುತಿನ ಕೇಕನ್ನೇ ತಂದು ಉಂಡಿ ಕಟ್ಟಿದ್ದೆವು. ಖಾಲಿ ಪೊಟ್ಟಣವನ್ನು ಎಸೆಯದೆ ಮಡಚಿ ಗೂಡಿನಲ್ಲಿ ಇಟ್ಟಿದ್ದೆವು. ಹರಿವಾಣ ಮುಂದಿಡುವ ಮೊದಲೇ ಪೊಟ್ಟಣವನ್ನು ಅವರ ಕೈಗೆ ಕೊಟ್ಟು, ಹಸಿರು ಬೊಟ್ಟನ್ನು ತೋರಿಸಿ, ಒಳಗೆ ಏನೇನಿದೆಯೆಂದು ಓದಿ ಹೇಳಿದೆವು. ಅವರು ಕನ್ನಡಕ ಏರಿಸಿಕೊಂಡು ಆ ಬೊಟ್ಟನ್ನು ಬೆರಳಿನಿಂದ ಮುಟ್ಟಿ ನೋಡಿದರು.

“ಇಷ್ಟ ಸಣ್ಣದು ಹಾಕ್ಯಾರಲ್ಲವಾ, ನನ್ನಂಥಾಕಿಗಿ ಹೆಂಗ ಕಾಣಬೇಕು!” ಎಂದು ನಕ್ಕರು. ಬಳಿಕ ಪೊಟ್ಟಣವನ್ನು ಪಕ್ಕಕ್ಕಿಟ್ಟು, “ನೀವು ನೋಡೀರಲ್ಲ, ಸಾಕು ಬಿಡ್ರಿ” ಎನ್ನುತ್ತ ಒಂದು ಉಂಡಿಯನ್ನು ಎತ್ತಿಕೊಂಡರು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ರೂಢಿ ನಿಂತಿದೆ. ಅಂಗಡಿಯಿಂದ ತಂದ ಯಾವ ಪದಾರ್ಥದಿಂದ ತಿನಿಸು ಮಾಡಿದರೂ ಅದು ಮುಗಿಯುವವರೆಗೆ ಪೊಟ್ಟಣವನ್ನು ಕಸಕ್ಕೆ ಹಾಕುವುದಿಲ್ಲ. ಕೇಳಿದವರಿಗೆ ತೋರಿಸುತ್ತೇವೆ, ಕೇಳದವರಿಗೂ ಹೇಳುತ್ತೇವೆ. ಓದುಗ ತಾಯಂದಿರೂ ಸಹೋದರಿಯರೂ ಈ ಪಂಚಮಿಗೆ ಒಲೆ ಹಚ್ಚಿದ ಉಂಡಿಯನ್ನೇ ಕಟ್ಟಲಿ, ಹಚ್ಚದ ಉಂಡಿಯನ್ನೇ ಕಟ್ಟಲಿ, ಬಡಿಸುವ ಮೊದಲು ಇಷ್ಟನ್ನು ನೆನೆದರೆ ನಮ್ಮ ಬರಹ ಸಾರ್ಥಕ. ಎಲ್ಲರ ಮನೆಯ ಡಬ್ಬಿಗಳೂ ತುಂಬಿರಲಿ, ಜೋಕಾಲಿ ಎತ್ತರಕ್ಕೆ ಜೀಕಲಿ.